ಟಾರಿನ ಮೇಲಿನ ಸಾಕ್ಷಿ

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಮೋಟೆಬೆನ್ನೂರಿನಿಂದ ಬ್ಯಾಡಗಿ ಕಡೆಗೆ ತಿರುಗುವಲ್ಲಿ ಲಾರಿ, ಟ್ರ್ಯಾಕ್ಟರು, ಟಂಟಂಗಳ ಸಾಲು. ಹಾವೇರಿ-ರಾಣೆಬೆನ್ನೂರು ನಡುವಿನ ಹೆದ್ದಾರಿಯದು. ಕಾಗದದಲ್ಲಿ 48, ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ 4. ಅಲ್ಲಿ ಒಂದು ಬೈಕು ಬಿದ್ದರೆ ಜನ ಸೇರಿ ತೀರ್ಪು ಕೊಡಲು ಐದು ನಿಮಿಷ ಬೇಡ. ದೊಡ್ಡ ಗಾಡಿಯವನದೇ ತಪ್ಪು. ಬೈಕಿನೆದುರು ಕಾರಿನವನದು, ಕಾರಿನೆದುರು ಲಾರಿಯವನದು. ಗಾಯಾಳುವನ್ನು ಎತ್ತಲು ನಿಂತವನ ತಲೆಗೂ ಕೆಲವೊಮ್ಮೆ ಅದು ಬರುತ್ತದೆ. ‘ಹಾಯಿಸದಿದ್ರ ಇವ ಯಾಕ ನಿಂತ?’ ತರ್ಕ ಅಷ್ಟೇ!

ಹೀಗೆ ಆರೋಪ ಹೊತ್ತವನು ಒಂದೋ ಗಾಡಿ ಬಿಟ್ಟು ಓಡುತ್ತಾನೆ, ಇಲ್ಲವೇ ಗದ್ದಲ ಮುಗಿದರೆ ಸಾಕೆಂದು ಅಲ್ಲೇ ದುಡ್ಡು ಕೊಟ್ಟು ಚೀಟಿಗೆ ಸಹಿ ಹಾಕುತ್ತಾನೆ. ಮುಂದೆ ಎರಡೂ ಅವನಿಗೇ ಮುಳುವಾಗುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ತಪ್ಪು ಯಾರದೆಂದು ಕೇಳುವುದೇ ಇಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸು, ಪೊಲೀಸರಿಗೆ ತಿಳಿಸು, ವಿಮಾ ಕಂಪನಿಗೆ ಬರೆ ಎನ್ನುತ್ತದೆ. ಜನರ ಸಿಟ್ಟಿನೆದುರು ನಿಲ್ಲಲಾಗದಿದ್ದರೆ ಅದಕ್ಕೂ ವಿನಾಯಿತಿ ಉಂಟು; ಹತ್ತಿರದ ಠಾಣೆಗೆ ಹೋಗಿ 24 ಗಂಟೆಯೊಳಗೆ ಕಾರಣ ಸಮೇತ ಹೇಳಬೇಕು. ಠಾಣೆಗೆ ಹೋದರೆ ತಪ್ಪೊಪ್ಪಿಕೊಂಡಂತೆ ಎಂದು ಹೆದರುವವರಿದ್ದಾರೆ. ಕಾಯ್ದೆಯಲ್ಲಿ ಹಾಗೇನೂ ಇಲ್ಲ. ಬರೀ ಸಹಾಯಕ್ಕೆ ನಿಂತವನಿಗಂತೂ 2016ರ ಸುಪ್ರೀಂ ಕೋರ್ಟ್ ಆದೇಶದ ರಕ್ಷಣೆಯಿದೆ, 2019ರ ತಿದ್ದುಪಡಿಯಲ್ಲಿ 134ಎ ಕಲಂ ಕೂಡ ಸೇರಿದೆ. ಹೆಸರು ಹೇಳೆಂದು ಅವನನ್ನು ಬಲವಂತ ಮಾಡುವಂತಿಲ್ಲ.

ನಿಜವಾದ ಉತ್ತರ ಟಾರಿನ ಮೇಲೇ ಬಿದ್ದಿರುತ್ತದೆ. ಡಿಕ್ಕಿಯಾದ ಕ್ಷಣ ಮಡ್‌ಗಾರ್ಡಿನ ಅಡಿ ಮೆತ್ತಿದ್ದ ಒಣಮಣ್ಣು ಉದುರುತ್ತದೆ. ಗಾಡಿಗಳು ಕೊನೆಗೆ ಎಲ್ಲಿಯೇ ಹೋಗಿ ನಿಂತಿರಲಿ, ಗುದ್ದಿದ್ದು ಸುಮಾರಾಗಿ ಆ ಮಣ್ಣಿನ ಆಸುಪಾಸಿನಲ್ಲೇ. ಎದುರುಬದುರು ಓಡಾಡುವ ರಸ್ತೆಯಲ್ಲಿ ಅದು ನಡುಗೆರೆಯ ಯಾವ ಬದಿಗಿದೆ ಎಂಬುದು ಹತ್ತು ಜನರ ಮಾತಿಗಿಂತ ತೂಕದ್ದು. ‘ನೂರರ ಮೇಲೆ ಬಂದ’ ಎನ್ನುತ್ತಾರಲ್ಲ, ಅದನ್ನೂ ಅಳೆಯಬಹುದು. ಒಣ ಟಾರಿನ ಮೇಲೆ ನಾಲ್ಕೂ ಚಕ್ರ ಕಚ್ಚಿ 20 ಮೀಟರ್ ಉಜ್ಜಿಕೊಂಡು ಹೋಗಿ ನಿಂತ ಕಾರು, ಘರ್ಷಣಾ ಗುಣಾಂಕ 0.7 ಎಂದು ಹಿಡಿದರೆ, ಉಜ್ಜಲು ಶುರುವಾದಾಗ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿತ್ತು. ನೂರರಲ್ಲಿದ್ದರೆ ಗುರುತು 56 ಮೀಟರ್ ಇರಬೇಕು! ನಡುವೆ ಡಿಕ್ಕಿಯಲ್ಲೇ ವೇಗ ಕಳೆದಿದ್ದರೆ ಲೆಕ್ಕ ಇಷ್ಟು ಸರಳವಲ್ಲ.

ರಾತ್ರಿಯಾದರೆ ‘ಲೈಟಿಲ್ಲದೆ ಬಂದ’ ಎಂಬ ಮಾತು ಬಂದೇ ಬರುತ್ತದೆ. ಒಡೆದ ಬಲ್ಬನ್ನು ಬಿಸಾಡಬಾರದು. ಉರಿಯುತ್ತಿದ್ದಾಗ ಪೆಟ್ಟು ಬಿದ್ದರೆ ಕಾದು ಮೆತ್ತಗಾದ ಟಂಗ್‌ಸ್ಟನ್ ತಂತಿ ಹಿಗ್ಗಿ ಸೊಟ್ಟಗಾಗುತ್ತದೆ. ಆರಿದ್ದರೆ ಪಟ್ಟನೆ ಮುರಿಯುತ್ತದೆ. ಎಲ್‌ಇಡಿ ದೀಪದಲ್ಲಿ ಈ ಸಾಕ್ಷಿ ಸಿಗದು.

ಇದೆಲ್ಲ ತಾಸೊಪ್ಪತ್ತಿನಲ್ಲಿ ಅಳಿಸಿಹೋಗುತ್ತದೆ. ಒಳ್ಳೆಯ ಮನಸ್ಸಿನವರೇ ಗಾಜು ಗುಡಿಸುತ್ತಾರೆ, ಗಾಡಿಯನ್ನು ಬದಿಗೆ ತಳ್ಳುತ್ತಾರೆ. ಗಾಯಾಳು ಆಸ್ಪತ್ರೆಗೆ ಹೊರಟ ಕೂಡಲೇ ಮೊಬೈಲಿನಲ್ಲಿ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಬೇಕು, ಕಿಲೋಮೀಟರ್ ಕಲ್ಲೋ ಲೈಟು ಕಂಬವೋ ಜೊತೆಗೆ ಕಾಣುವಂತೆ. ಪೊಲೀಸರು ಪಂಚನಾಮೆಗೆ ಬಂದಾಗ ಆ ಗುರುತುಗಳನ್ನು ತೋರಿಸಿ ನಕ್ಷೆಯಲ್ಲಿ ಬರೆಸಿಕೊಳ್ಳಬೇಕು. ‘ಗುರುತೇ ಇಲ್ಲ, ಬ್ರೇಕು ಹಾಕೇ ಇಲ್ಲ’ ಎಂದು ವಾದಿಸುವವರೂ ಸಿಗುತ್ತಾರೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅದು ಚಕ್ರ ಕಚ್ಚದಂತೆ ತಡೆಯುವುದರಿಂದ ಬ್ರೇಕನ್ನು ಪೂರ್ತಿ ತುಳಿದಿದ್ದರೂ ರಸ್ತೆಯ ಮೇಲೆ ಕಪ್ಪುಗೆರೆ ಮೂಡದೆ ಇರಬಹುದು.