ಮಾನ ಉಳಿಸಿಕೊಳ್ಳಲು ಮಕ್ಕಳನ್ನು ಕಳಕೊಳ್ಳುವವರು

2025ರ ಮಾರ್ಚ್‌ನಲ್ಲಿ ಮಂಗಳೂರಿನ ಸಿಸಿಬಿ ಪೊಲೀಸರು ಬೆಂಗಳೂರಿಗೆ ಹೋಗಿ, ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಬಂಧಿಸಿ 37 ಕಿಲೋಗೂ ಅಧಿಕ ಎಂಡಿಎಂಎ ವಶಪಡಿಸಿಕೊಂಡರು. ಅದರ ಬೆಲೆ 75 ಕೋಟಿ ರೂಪಾಯಿ ಎಂದರು. ರಾಜ್ಯದಲ್ಲೇ ಅತಿದೊಡ್ಡ ಬೇಟೆ ಎಂದು ಪತ್ರಿಕೆಗಳು ಬರೆದವು. ಆ ತನಿಖೆಯ ಎಳೆ ಆರಂಭವಾದದ್ದು 2024ರಲ್ಲಿ ನಮ್ಮದೇ ನಗರದಲ್ಲಿ ಒಬ್ಬಾತನ ಬಳಿ ಸಿಕ್ಕ 15 ಗ್ರಾಂನಿಂದ. ಎಲ್ಲರೂ ಕಿಲೋ ಮತ್ತು ಕೋಟಿಗಳ ಬಗ್ಗೆ ಮಾತಾಡಿದರು. ಆದರೆ ಆ 15 ಗ್ರಾಂ ಈ ನಗರದಲ್ಲಿ ಯಾರ ಮಕ್ಕಳಿಗಾಗಿ ಬಂದಿತ್ತು ಎಂದು ಯಾರೂ ಕೇಳಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅರ್ಧ ಗ್ರಾಂ ಎಂಡಿಎಂಎಯನ್ನು 'ಅಲ್ಪ ಪ್ರಮಾಣ' ಎನ್ನಲಾಗುತ್ತದೆ. ಹಾಗಿದ್ದರೆ ಆ 15 ಗ್ರಾಂ ಎಷ್ಟು ಮನೆಗಳ ಬಾಗಿಲು ತಟ್ಟಬಹುದಿತ್ತು?

ಆ ಮನೆಗಳಲ್ಲಿ ಸಮುದಾಯದ ಮನೆಗಳೂ ಇವೆ ಎಂಬುದನ್ನು ನಾವು ಒಪ್ಪಿಕೊಳ್ಳುವುದಿಲ್ಲ. ಅದಕ್ಕೊಂದು ಕಾರಣವೂ ಇದೆ. 2021ರಲ್ಲಿ ಕೇರಳದ ಬಿಷಪ್ ಒಬ್ಬರು 'ನಾರ್ಕೋಟಿಕ್ ಜಿಹಾದ್' ಎಂಬ ಪದವನ್ನು ಹರಿಯಬಿಟ್ಟರು. ಕರಾವಳಿಯಲ್ಲಿ ಆ ಪದಕ್ಕೆ ಗಿರಾಕಿಗಳೇನೂ ಕಡಿಮೆಯಿರಲಿಲ್ಲ. ಬಂಧಿತರ ಪಟ್ಟಿಯಲ್ಲಿ ಒಂದು ಮುಸ್ಲಿಮ್ ಹೆಸರು ಕಂಡರೆ ಸಾಕು, ಉಳಿದ ಹೆಸರುಗಳು ಮಾಯವಾಗುತ್ತವೆ. 2023ರ ಜನವರಿಯಲ್ಲಿ ಇದೇ ಮಂಗಳೂರಿನಲ್ಲಿ ಗಾಂಜಾ ಪ್ರಕರಣದಲ್ಲಿ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಬಂಧಿತರಾದಾಗ ಆ ಪದವನ್ನು ಉಚ್ಚರಿಸುವವರು ಎಲ್ಲಿದ್ದರೋ! ಮಾದಕ ವಸ್ತುವಿಗೆ ಧರ್ಮವಿಲ್ಲ ಎಂದು ನಾವು ಸರಿಯಾಗಿಯೇ ಉತ್ತರಿಸಿದೆವು. ಆದರೆ ದುರಂತವೆಂದರೆ, ಅಪಪ್ರಚಾರಕ್ಕೆ ಉತ್ತರ ಕೊಡುವ ಭರದಲ್ಲಿ ನಮ್ಮ ಮಗನ ಕಣ್ಣು ಯಾಕೆ ಕೆಂಪಾಗಿದೆ ಎಂದು ಕೇಳುವುದನ್ನು ಮರೆತೆವು. ವೈರಿಗೆ ಅಸ್ತ್ರ ಸಿಗುತ್ತದೆಂಬ ಭಯದಿಂದ ರೋಗವನ್ನು ಮುಚ್ಚಿಟ್ಟರೆ ನಷ್ಟ ಯಾರಿಗೆ?

ಇನ್ನು ಕೆಲವು ಜಮಾಅತ್‌ಗಳು ಮೌನ ಮುರಿದ ರೀತಿಯನ್ನು ನೋಡಿ. 2022ರಲ್ಲಿ ಕಾಸರಗೋಡು ಜಿಲ್ಲೆಯ ಕಾಞಂಗಾಡ್ ಬಳಿಯ ಪಡನ್ನಕ್ಕಾಡ್‌ನ ಜಮಾಅತ್, ಮಾದಕ ವ್ಯವಹಾರದಲ್ಲಿ ಸಿಲುಕಿದವರ ವಿವಾಹಕ್ಕೆ ಸಹಕರಿಸುವುದಿಲ್ಲವೆಂದು ತೀರ್ಮಾನಿಸಿದ್ದು ದೊಡ್ಡ ಸುದ್ದಿಯಾಯಿತು. ಇಂತಹ ತೀರ್ಮಾನಗಳ ಹಿಂದಿನ ಕಳಕಳಿಯನ್ನು ಪ್ರಶ್ನಿಸಬೇಕಾಗಿಲ್ಲ. ಮಾರುವವನನ್ನು ದೂರವಿಡಿ, ಪೊಲೀಸರಿಗೂ ಒಪ್ಪಿಸಿ. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಸೇವಿಸುವವನನ್ನೂ ಅದೇ ತಕ್ಕಡಿಯಲ್ಲಿ ತೂಗಿದರೆ ಏನಾಗುತ್ತದೆ? ಹೆಸರು ಹೊರಬಿದ್ದರೆ ತಂಗಿಯ ನಿಕಾಹ್‌ಗೆ ಸಮಿತಿಯ ಪತ್ರ ಸಿಗುವುದಿಲ್ಲ ಎಂದಾದರೆ, ಯಾವ ತಂದೆ ತಾನೇ ಮಗನನ್ನು ಆಸ್ಪತ್ರೆಗೆ ಕರಕೊಂಡು ಹೋದಾನು? ಬಹಿಷ್ಕಾರದಿಂದ ಮೊಹಲ್ಲಾದಲ್ಲಿ ವ್ಯಸನ ಕಡಿಮೆಯಾಗುವುದಿಲ್ಲ. ಅದರ ಸುದ್ದಿ ಸಮಿತಿಯ ಕಿವಿಗೆ ಬೀಳುವುದು ಮಾತ್ರ ಕಡಿಮೆಯಾಗುತ್ತದೆ.

ಅಷ್ಟಕ್ಕೂ ಪ್ರವಾದಿ(ಸ)ಯವರ ಮಾದರಿ ಏನು? ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬ ಸಹಾಬಿಯ ಘಟನೆ ಬುಖಾರಿಯಲ್ಲಿದೆ. ಇನ್ನೊಮ್ಮೆ ಅವರನ್ನು ಕರೆತಂದಾಗ ನೆರೆದಿದ್ದವರಲ್ಲೊಬ್ಬರು ಶಪಿಸಿದರು. ಪ್ರವಾದಿ(ಸ) ತಡೆದರು, ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವರೆಂದು ನೆನಪಿಸಿದರು. ಕೃತ್ಯವನ್ನು ಹರಾಮ್ ಎನ್ನುತ್ತಲೇ ವ್ಯಕ್ತಿಯನ್ನು ಸಮುದಾಯದೊಳಗೆ ಉಳಿಸಿಕೊಂಡ ಆ ನಿಲುವು ನಮ್ಮ ನಿರ್ಣಯಗಳಲ್ಲಿ ಎಲ್ಲಿದೆ?

ಜಮಾಅತ್ ಮಾತ್ರ ತಪ್ಪಿತಸ್ಥವೆಂದರೆ ಅನ್ಯಾಯವಾದೀತು. ಮನೆಯೊಳಗೆ ನಡೆಯುವುದೇನು? ಮಗ ಎರಡು ರಾತ್ರಿ ನಿದ್ರಿಸುವುದಿಲ್ಲ, ಮೂರನೆಯ ದಿನ ಸಂಜೆಯ ತನಕ ಏಳುವುದಿಲ್ಲ. ಕಣ್ಣಿನ ಪಾಪೆ ಹಿಗ್ಗಿರುತ್ತದೆ. ದವಡೆ ಬಿಗಿದು ಹಲ್ಲು ಕಡಿಯುತ್ತಾನೆ, ಊಟ ಬೇಡ, ಬಾಯಾರಿಕೆ ಮಾತ್ರ ವಿಪರೀತ. ಒಂದು ದಿನ ಎಡೆಬಿಡದೆ ಮಾತಾಡುತ್ತಾನೆ, ಎರಡು ದಿನ ಕತ್ತಲ ಕೋಣೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಎಂಡಿಎಂಎಯಂತಹ ರಾಸಾಯನಿಕ ಮಾದಕಗಳ ಗುರುತು ಇದು. ತಾಯಿ ಇದನ್ನು ಕಣ್ಣೇರು ಎನ್ನುತ್ತಾಳೆ. ಗಾಂಜಾ ಆದರೆ ಕಣ್ಣು ಕೆಂಪು, ಹೊತ್ತಲ್ಲದ ಹೊತ್ತಿನ ಹಸಿವು, ಓದಿನಲ್ಲೂ ಕೆಲಸದಲ್ಲೂ ನಿರಾಸಕ್ತಿ, ಜೇಬಿನಲ್ಲಿ ಕಣ್ಣಿನ ಡ್ರಾಪ್ಸ್, ಹಿಂದೆಂದೂ ಇಲ್ಲದ ಅತ್ತರಿನ ಪ್ರೀತಿ. ಹೆರಾಯಿನ್ ಅಥವಾ ನೋವಿನ ಮಾತ್ರೆಗಳ ಚಟವಾದರೆ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕುಳಿತಲ್ಲೇ ತೂಕಡಿಕೆ ಬರುತ್ತದೆ. ಸಿಗದ ದಿನ ಮೂಗು ಸೋರಿಕೆ, ಆಕಳಿಕೆ, ರೋಮಾಂಚನ, ಮೈಕೈ ನೋವು, ಭೇದಿ. ಸೆಖೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟರೆ ತೋಳನ್ನು ನೋಡಬೇಕು. ಚಿನ್ನ ಕಾಣೆಯಾಗುವುದು, ಹಳೆಯ ಗೆಳೆಯರೆಲ್ಲ ಬದಲಾಗುವುದು, ಮೊಬೈಲ್‌ನಿಂದ ಆಗಾಗ ಅಪರಿಚಿತರಿಗೆ ಹಣ ಹೋಗುವುದು - ಇವು ಎಲ್ಲದಕ್ಕೂ ಸಾಮಾನ್ಯ.

ಹಾಗೆಂದು ನಿದ್ದೆಗೆಟ್ಟ ಪ್ರತಿಯೊಬ್ಬ ಹುಡುಗನೂ ವ್ಯಸನಿಯಲ್ಲ. ಪರೀಕ್ಷೆಯ ಭಯಕ್ಕೂ ಖಿನ್ನತೆಗೂ ಇಂತಹ ಕೆಲವು ಲಕ್ಷಣಗಳಿವೆ. ಒಂದು ಗುರುತು ಹಿಡಿದು ಹೊಡೆಯಲು ಹೊರಡುವ ತಂದೆ, ಮಗ ಬಾಯಿಬಿಡುವ ಕೊನೆಯ ಅವಕಾಶವನ್ನೂ ಕಳಕೊಳ್ಳುತ್ತಾನೆ. ಹಲವು ಗುರುತುಗಳು ಒಟ್ಟಿಗೆ ಕಂಡರೆ, ಅವನು ನಶೆಯಲ್ಲಿಲ್ಲದ ಹೊತ್ತಿನಲ್ಲಿ ಕೂರಿಸಿ ಕೇಳಬೇಕು. ಉಳಿದುದನ್ನು ವೈದ್ಯರು ಮೂತ್ರ ಪರೀಕ್ಷೆಯಿಂದ ತಿಳಿಯುತ್ತಾರೆ.

ಆದರೆ ನಮ್ಮಲ್ಲಿ ವೈದ್ಯರ ಸರದಿ ಬರುವುದು ಕೊನೆಯಲ್ಲಿ. ಅದಕ್ಕೆ ಮುನ್ನ ನೂಲು, ತಾಯಿತ, ಮಂತ್ರಿಸಿದ ನೀರು. ಮತ್ತೆ ಮದುವೆ! ಹೆಂಡತಿ ಬಂದರೆ ಸರಿಹೋಗುತ್ತಾನಂತೆ. ಯಾರದೋ ಮನೆಯ ಹೆಣ್ಣುಮಗಳನ್ನು ಔಷಧಿಯಂತೆ ಬಳಸುವ, ವರನ ರೋಗವನ್ನು ಮುಚ್ಚಿಟ್ಟು ನಿಕಾಹ್ ನಡೆಸುವ ಈ ವಂಚನೆಯ ಬಗ್ಗೆ ಎಷ್ಟು ಖುತ್ಬಾಗಳು ನಡೆದಿವೆ? ಅದೂ ಫಲಿಸದಿದ್ದರೆ ಗಲ್ಫ್‌ನ ವೀಸಾ. ವ್ಯಸನಿಯನ್ನು ಸಾಗಾಟಗಾರನನ್ನಾಗಿ ಮಾಡುವುದು ಜಾಲದವರಿಗೆ ಬಹಳ ಸುಲಭ. ಮಾದಕ ಪ್ರಕರಣಗಳಲ್ಲಿ ಮರಣದಂಡನೆ ಜಾರಿಗೊಳಿಸುವುದನ್ನು ಸೌದಿ ಅರೇಬಿಯಾ 2022ರ ನವೆಂಬರ್‌ನಲ್ಲಿ ಮತ್ತೆ ಆರಂಭಿಸಿದೆ ಎಂಬುದು ವೀಸಾ ಮಾಡಿಸುವ ಮಾವಂದಿರಿಗೆ ಗೊತ್ತಿದೆಯೇ?

ಕೊನೆಗೆ ಕೋಣೆಯಲ್ಲಿ ಕೂಡಿಹಾಕುವುದು. ಇದು ಎಷ್ಟು ಅಪಾಯಕಾರಿ ಎಂಬುದು ಹಲವರಿಗೆ ತಿಳಿದಿಲ್ಲ. ವರ್ಷಗಟ್ಟಲೆ ಕುಡಿದವನಿಗೆ - ಹೌದು, ನಮ್ಮಲ್ಲೂ ಇದ್ದಾರೆ - ಒಮ್ಮೆಲೇ ಮದ್ಯ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಅಪಸ್ಮಾರ, ಭ್ರಮೆ, ಜ್ವರ ಬಂದು ಜೀವವೇ ಹೋಗಬಹುದು. ಹೆರಾಯಿನ್ ಚಟದವನು ಕೆಲವು ವಾರ ದೂರವಿದ್ದು ಹೊರಬಂದ ಮೇಲೆ ಹಿಂದಿನಷ್ಟೇ ಪ್ರಮಾಣವನ್ನು ತೆಗೆದುಕೊಂಡರೆ, ದೇಹ ಅದನ್ನು ತಾಳುವ ಶಕ್ತಿ ಕಳಕೊಂಡಿರುವುದರಿಂದ ಉಸಿರು ನಿಲ್ಲುತ್ತದೆ. ಬೀಗ ಹಾಕಿದವರು ರಕ್ಷಿಸಿದೆವೆಂದು ತಿಳಿದಿರುತ್ತಾರೆ! 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು 25ಕ್ಕೂ ಹೆಚ್ಚು ಮಾನಸಿಕ ಅಸ್ವಸ್ಥರು ಸುಟ್ಟುಹೋದರು. ಸಂಕೋಲೆಯಲ್ಲಿದ್ದ ಅವರಿಗೆ ಓಡುವುದಾದರೂ ಹೇಗೆ ಸಾಧ್ಯವಿತ್ತು? 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಕೋಲೆಯನ್ನು ನಿಷೇಧಿಸಿದೆ. ಮದ್ಯ ಮತ್ತು ಮಾದಕ ವ್ಯಸನದ ಸ್ಥಿತಿಗಳೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದನ್ನೂ ಅದು ಹಕ್ಕೆಂದು ಗುರುತಿಸಿದೆ. ಆದ್ದರಿಂದ ವ್ಯಸನಮುಕ್ತಿ ಕೇಂದ್ರವೆಂಬ ಬೋರ್ಡ್ ಕಂಡ ಕೂಡಲೇ ಮಗನನ್ನು ಒಪ್ಪಿಸಬಾರದು. ನೋಂದಣಿ ಇದೆಯೇ, ಮನೋವೈದ್ಯರು ನಿಜವಾಗಿ ಬರುತ್ತಾರೆಯೇ, ಮನೆಯವರಿಗೆ ಭೇಟಿಗೆ ಅವಕಾಶವಿದೆಯೇ ಎಂದು ಕೇಳಬೇಕು. ಭೇಟಿ ನಿರಾಕರಿಸುವ ಕೇಂದ್ರದಿಂದ ಆ ಕ್ಷಣವೇ ಹಿಂದಿರುಗುವುದು ಒಳ್ಳೆಯದು.

ಚಿಕಿತ್ಸೆ ಎಂದರೇನು? ಮೊದಲ ಒಂದೆರಡು ವಾರ ದೇಹವನ್ನು ನಶೆಯಿಂದ ಬಿಡಿಸುವ ಹಂತ. ಇದೇ ಚಿಕಿತ್ಸೆಯ ಕೊನೆ ಎಂದುಕೊಳ್ಳುವುದೇ ಮನೆಯವರ ದೊಡ್ಡ ತಪ್ಪು. ಹೆರಾಯಿನ್‌ನಂತಹ ಚಟಕ್ಕೆ ಬುಪ್ರೆನಾರ್ಫಿನ್ ಎಂಬ ಔಷಧಿಯಿದೆ. ಅದನ್ನು ತಿಂಗಳು ಅಥವಾ ವರ್ಷಗಟ್ಟಲೆ ವೈದ್ಯರ ನಿಗಾದಲ್ಲಿ ಕೊಡುತ್ತಾರೆ. ಗಾಂಜಾ, ಎಂಡಿಎಂಎಗಳಿಗೆ ಅಂತಹ ನಿರ್ದಿಷ್ಟ ಔಷಧಿಯಿಲ್ಲ, ಆಪ್ತಸಮಾಲೋಚನೆಯೇ ಮುಖ್ಯ. ಮರುಕಳಿಸುವುದು ಈ ರೋಗದ ಸ್ವಭಾವ. ಸಕ್ಕರೆ ಕಾಯಿಲೆ ಒಮ್ಮೆ ಏರಿದರೆ ರೋಗಿಯನ್ನು ಮನೆಯಿಂದ ಹೊರಹಾಕುತ್ತೇವೆಯೇ?

ಇಷ್ಟಕ್ಕೂ ಮಂಗಳೂರಿನವರಿಗೆ ದೂರ ಹೋಗಬೇಕಾಗಿಲ್ಲ. ಹಂಪನಕಟ್ಟೆಯ ವೆನ್ಲಾಕ್ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಕಂಕನಾಡಿಯ ಫಾದರ್ ಮುಲ್ಲರ್ ಇದೆ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಿವೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯಿದೆ. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಹೆಸರು ಬಹಿರಂಗವಾಗುವ ಭಯವಿದ್ದರೆ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446ಕ್ಕೆ, ಅಥವಾ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಮಾತಾಡಬಹುದು. ಇಷ್ಟೆಲ್ಲ ಇದ್ದೂ, ಕೇಂದ್ರ ಸರಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ಸಿಗುತ್ತಿತ್ತು. ಮದ್ಯದಂಗಡಿ ಬಹಿರಂಗವಾಗಿ ತೆರೆದಿರುವ ದೇಶದಲ್ಲಿ ಕುಡುಕನ ಪಾಡೇ ಇದಾದರೆ, ಕದ್ದುಮುಚ್ಚಿ ಸೇವಿಸುವವನದ್ದೇನು?

ಪೊಲೀಸ್ ಕೇಸಿನ ಭಯ ಬಹುತೇಕರನ್ನು ತಡೆಯುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64-ಎ ಸೆಕ್ಷನ್ ಅನ್ನು ಜಮಾಅತ್‌ನ ಪದಾಧಿಕಾರಿಗಳು ಒಮ್ಮೆ ಓದಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸರಕಾರಿ ಅಥವಾ ಸರಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಸ್ವಯಂಪ್ರೇರಿತನಾಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಈ ರಕ್ಷಣೆಯನ್ನು ಹಿಂಪಡೆಯಬಹುದು. ಸರಕಾರದ ಕಾನೂನೇ ಚಿಕಿತ್ಸೆಗೆ ಬಂದವನನ್ನು ಕ್ಷಮಿಸುತ್ತದೆ, ನಮ್ಮ ಮೊಹಲ್ಲಾದ ನಿರ್ಣಯ ಕ್ಷಮಿಸುವುದಿಲ್ಲ!

ಜಮಾಅತ್ ಸಮಿತಿಗಳು ಮಾಡಬಹುದಾದುದು ಬಹಳಷ್ಟಿದೆ. ಬಾಯಿ ಬಿಗಿಹಿಡಿಯಬಲ್ಲ ಇಬ್ಬರು ಮೂವರನ್ನು, ಅವರಲ್ಲಿ ಒಬ್ಬ ಮಹಿಳೆಯನ್ನೂ ನೇಮಿಸಲಿ. ತಾಯಂದಿರು ಮುತವಲ್ಲಿಯ ಮುಂದೆ ಅಳಲಾರರು. ಬಡ ರೋಗಿಯ ಚಿಕಿತ್ಸೆಗೆ ಝಕಾತ್‌ನಿಂದ ನೆರವು ಸಿಗಲಿ. ಗುಣಮುಖನಾಗಿ ಬಂದವನಿಗೆ ಬಂದರಿನ ಒಂದು ಅಂಗಡಿಯಲ್ಲಿ ಕೆಲಸ ಸಿಗುವಂತಾಗಲಿ. ಬರಿಗೈಯಲ್ಲಿ ಮನೆಯಲ್ಲಿ ಕೂತವನನ್ನು ಹಳೆಯ ಗೆಳೆಯರು ಒಂದೇ ವಾರದಲ್ಲಿ ಹುಡುಕಿಕೊಂಡು ಬರುತ್ತಾರೆ.

ಮಸೀದಿಯ ನೋಟೀಸ್ ಬೋರ್ಡ್‌ನಲ್ಲಿ ವ್ಯಸನಮುಕ್ತಿಯ ಫೋನ್ ನಂಬರ್ ಹಾಕಿದರೆ ಊರಿನವರು ಏನೆಂದಾರು, ಇಲ್ಲಿ ಅಂಥವರಿದ್ದಾರೆಂದು ನಾವೇ ಒಪ್ಪಿಕೊಂಡಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ಒಪ್ಪಿಕೊಂಡಂತಾಗುತ್ತದೆ. ವರಿ ಬಾಕಿ ಇಟ್ಟವರ ಹೆಸರುಗಳನ್ನು ಅದೇ ಬೋರ್ಡ್‌ನಲ್ಲಿ ಅಂಟಿಸುವಾಗ ಈ ಸಂಕೋಚ ನಮಗೆ ಇರುವುದಿಲ್ಲವಲ್ಲ.