ಮಕ್ಕಳೊಡನೆ ಯುರೋಪಿಗೆ

ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದಂದಿನಿಂದ ಯುರೋಪನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ ನನ್ನನ್ನು ಬಿಟ್ಟಿರಲಿಲ್ಲ. ಆರು ವರ್ಷ ಸಂಬಳದಲ್ಲಿ ಉಳಿಸಿದ ಹಣ ಈಗ ಒಂದು ಪ್ರವಾಸಕ್ಕೆ, ಒಂದೇ ಒಂದು ಪ್ರವಾಸಕ್ಕೆ, ಸಾಲುವಷ್ಟಾಗಿದೆ. ಹೊರಡುವವರು ನಾಲ್ವರು: ನಾನು, ನನ್ನಾಕೆ, ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು. ಕಾಲ, ಮೇ ತಿಂಗಳ ರಜೆ.

ಒಂದು ರಾತ್ರಿ ಭೂಪಟವನ್ನು ಹರಡಿಕೊಂಡು ಪಟ್ಟಿ ಮಾಡಿದೆ: ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡಾಮ್, ವಿಯೆನ್ನಾ, ವೆನಿಸ್, ಫ್ಲಾರೆನ್ಸ್, ರೋಮ್. ೧೪ ದಿನಗಳಲ್ಲಿ ಏಳು ನಗರ! ಸಂಭ್ರಮದಿಂದ ಓದಿ ಹೇಳಿದೆ. ನನ್ನಾಕೆ ಕೊನೆಯವರೆಗೂ ಕೇಳಿ, “ಎಲ್ಲಾ ಸರಿ ಅನ್ನಿ. ಇಷ್ಟರಲ್ಲಿ ಪುಟ್ಟಿ ಮಲಗೋದು ಯಾವೂರಲ್ಲಿ?” ಎಂದಳು.

ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಕಳೆದ ವರ್ಷದ ಹಳೇಬೀಡಿನ ಸಂಗತಿ. ಹೊಯ್ಸಳೇಶ್ವರನ ಗುಡಿಯ ಗೋಡೆಯ ಶಿಲ್ಪಗಳನ್ನು ನಾನು ಒಂದೊಂದಾಗಿ ವಿವರಿಸುತ್ತಿರಲು, ಪುಟ್ಟಿ ಹುಲ್ಲಿನ ಮೇಲೆ ಕುಳಿತು ಅಳಿಲೊಂದನ್ನು ನೋಡುತ್ತಿದ್ದಳು. ಅಷ್ಟು ದೂರ ಬಂದು ಅಳಿಲನ್ನು ನೋಡುವುದೇ ಎಂದು ಗದರಿಸಿ, ಕೈಹಿಡಿದು ಎಳೆದುಕೊಂಡು ಹೋದೆ. ಆ ರಾತ್ರಿ ಮಲಗುವಾಗ ಅವಳು ಕೇಳಿದಳು: “ಅಪ್ಪಾ, ನಾಳೇನೂ ನೋಡಬೇಕಾ?” ನೋಡುವುದೆಂಬುದು ಆ ಮಗುವಿಗೆ ಶಿಕ್ಷೆಯಾಗಿತ್ತು, ಮಾಡಿದವನು ನಾನು.

ಆದುದರಿಂದ ಪಟ್ಟಿಯನ್ನು ಮತ್ತೆ ಬರೆಯಲು ಕುಳಿತೆವು. ಎಷ್ಟು ಊರು ನೋಡಬಹುದೆಂದು ಎಣಿಸದೆ, ಎಷ್ಟು ಸಲ ಹಾಸಿಗೆ ಬದಲಾಯಿಸಬೇಕಾದೀತೆಂದು ಎಣಿಸಿದೆವು. ಏಳು ಊರೆಂದರೆ ಆರು ಸಲ ಗಂಟುಮೂಟೆ ಕಟ್ಟುವುದು, ಆರು ಸಲ ನಿಲ್ದಾಣ, ಆರು ಸಲ ಹೊಸ ಬಾಗಿಲು. ಒಂದೊಂದಕ್ಕೆ ಅರ್ಧ ದಿನವೆಂದರೂ ಮೂರು ದಿನ ದಾರಿಯಲ್ಲೇ ಕಳೆಯಿತು. ಮೊದಲು ಬಿದ್ದುಹೋದದ್ದು ಲಂಡನ್. ಬ್ರಿಟನ್ ಷೆಂಗೆನ್ ಒಕ್ಕೂಟಕ್ಕೆ ಸೇರಿಲ್ಲವಾದ್ದರಿಂದ ನಾಲ್ವರಿಗೂ ಬೇರೆಯ ವೀಸಾ ಬೇಕು. ಒಕ್ಕೂಟದ ದೇಶಗಳಿಗಾದರೋ ಒಂದೇ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಶುಲ್ಕವೂ ಇಲ್ಲ.

ಕೊನೆಗೆ ನಿಂತದ್ದು ಒಂದೇ ಪುಟ್ಟ ದೇಶ, ಡೆನ್ಮಾರ್ಕ್. ಕೋಪನ್‌ಹೇಗನ್ನಿನ ಮುಖ್ಯ ರೈಲುನಿಲ್ದಾಣದ ಮಗ್ಗುಲಲ್ಲೇ ೧೮೪೩ರಲ್ಲಿ ತೆರೆದ ಟಿವೊಲಿ ಉದ್ಯಾನವಿದೆ. ಮರಗಳ ನಡುವೆ ತಿರುಗುವ ಕುದುರೆಗಳಿವೆ. ಸಮುದ್ರದ ಅಂಚಿನ ಬಂಡೆಯ ಮೇಲೆ ೧೯೧೩ರಿಂದ ಕುಳಿತಿರುವ ಮತ್ಸ್ಯಕನ್ಯೆ ಕೇವಲ ಒಂದೂಕಾಲು ಮೀಟರ್ ಎತ್ತರದವಳು. ಇಷ್ಟೇನೇ ಎಂದು ಹಿರಿಯರು ಮೂಗು ಮುರಿಯಬಹುದು; ನಾಲ್ಕು ವರ್ಷದವಳಿಗೆ ಅವಳು ಸರೀಕಳಾದ ಗೆಳತಿ. ಆ ಕತೆಯನ್ನು ಬರೆದ ಆಂಡರ್ಸನ್ ೧೮೦೫ರಲ್ಲಿ ಹುಟ್ಟಿದ ಓಡೆನ್ಸ ಪಟ್ಟಣಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ಆ ರೈಲು ನಡುವೆ ಕಡಲಿನ ಅಡಿಯ ಸುರಂಗದಲ್ಲಿ ನುಗ್ಗಿ, ಮತ್ತೆ ಸೇತುವೆಯ ಮೇಲೆ ಹಾಯುತ್ತದೆ. ಮಗನಿಗೆ ಅದೊಂದೇ ಸಾಕು. ಮುಂದೆ ಬಿಲ್ಲುಂಡ್. ಅಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ ೧೯೩೨ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದ. ‘ಚೆನ್ನಾಗಿ ಆಡು’ ಎಂಬರ್ಥದ ಡೇನಿಷ್ ಮಾತುಗಳಿಂದ ಹುಟ್ಟಿದ ಹೆಸರೇ ಲೆಗೊ. ೧೯೬೮ರಲ್ಲಿ ತೆರೆದ ಲೆಗೊಲ್ಯಾಂಡ್ ಇರುವುದೂ ಅಲ್ಲಿಯೇ.

ಡೆನ್ಮಾರ್ಕ್ ಅಗ್ಗದ ದೇಶವಲ್ಲ. ಮೇ ತಿಂಗಳಲ್ಲೂ ಗಾಳಿ ಚಳಿಯದು, ಉಣ್ಣೆಯ ಅಂಗಿ ಬೇಕು. ಹೋಟೆಲಿಗೆ ಬದಲು ಅಡುಗೆಮನೆಯಿರುವ ಬಿಡಾರ ಹಿಡಿದರೆ ಅನ್ನ ಮೊಸರಿಗೆ ತೊಂದರೆಯಿಲ್ಲ.

ಇದೊಂದೇ ದಾರಿಯೆಂದು ನಾನು ಹೇಳುತ್ತಿಲ್ಲ. ವಿಯೆನ್ನಾದಲ್ಲೇ ವಾರವಿದ್ದರೆ ೧೭೫೨ರ ಷೋನ್‌ಬ್ರುನ್ ಮೃಗಾಲಯವೂ ೧೮೯೭ರ ದೈತ್ಯಚಕ್ರವೂ ಇವೆ. ಲ್ಯೂಸರ್ನ್‌ನಲ್ಲಿ ಬಿಡಾರ ಮಾಡಿದರೆ ಸರೋವರದ ಹಡಗು, ಸಾರಿಗೆ ವಸ್ತುಸಂಗ್ರಹಾಲಯ, ೧೮೭೧ರಿಂದ ರಿಗಿ ಬೆಟ್ಟವನ್ನೇರುತ್ತಿರುವ ಹಲ್ಲುಗಾಲಿಯ ರೈಲು. ಪ್ಯಾರಿಸ್ಸೇ ಬೇಕೆಂಬವರು ಲೂವ್ರ್‌ಗೆ ಒಂದು ಗಂಟೆ ಕೊಟ್ಟು, ಲಕ್ಸಂಬರ್ಗ್ ಉದ್ಯಾನದ ಕೊಳದಲ್ಲಿ ಮಕ್ಕಳು ಪುಟ್ಟ ಹಾಯಿದೋಣಿ ತೇಲಿಬಿಡಲು ಒಂದು ಮಧ್ಯಾಹ್ನವನ್ನೇ ಕೊಡಲಿ. ಯಾವುದನ್ನಾದರೂ ಆರಿಸಿ, ಒಂದನ್ನು ಆರಿಸಿ.

ಫ್ಲಾರೆನ್ಸ್, ರೋಮ್‌ಗಳ ಹೆಸರನ್ನು ಹೊಡೆದುಹಾಕುವಾಗ ಕೈ ತಡೆಯಿತು, ಸುಳ್ಳೇಕೆ ಹೇಳಲಿ? ಮತ್ತೊಮ್ಮೆ ಇಷ್ಟು ಹಣ ಕೂಡುವುದೋ ಇಲ್ಲವೋ. ಆದರೆ ರೋಮ್ ಎರಡು ಸಾವಿರ ವರ್ಷಗಳಿಂದ ನಿಂತಿದೆ, ನನಗಾಗಿ ಇನ್ನೂ ಹತ್ತು ವರ್ಷ ನಿಂತೀತು. ನನ್ನ ಮಗಳ ನಾಲ್ಕನೆಯ ವರ್ಷ ಹಾಗೆ ನಿಲ್ಲಲಾರದು. ಕೋಪನ್‌ಹೇಗನ್ನಿನಲ್ಲಿ ಅವಳು ಅಳಿಲನ್ನೇ ನೋಡುತ್ತ ಕುಳಿತರೆ, ಈ ಸಲ ನಾನೂ ಪಕ್ಕದಲ್ಲಿ ಕುಳಿತುಕೊಳ್ಳುವೆನೆಂದು ನಿಶ್ಚಯಿಸಿದ್ದೇನೆ.