ತೊಗರಿಯ ಗರಿ ಪತಂಗವನ್ನು ಗುರುತಿಸಬೇಕಾದ ಆವಶ್ಯಕತೆ

ತೊಗರಿಯ ಕಾಯಿಯಲ್ಲಿ ತೂತನ್ನು ಕಂಡೊಡನೆ ಅದು ಹಸುರು ಕಾಯಿಕೊರಕದ ಕೆಲಸವೆಂದು ನಿರ್ಣಯಿಸುವುದು ನಮ್ಮ ಒಕ್ಕಲಿಗರಲ್ಲಿ ರೂಢಿಯಾಗಿದೆ. ಈ ಆತುರವು ಬೆಳೆಗೂ ಹಣಕ್ಕೂ ಹಾನಿಕರವೆಂಬುದು ನಮ್ಮ ಅಭಿಪ್ರಾಯ. ಕಾಯಿಯನ್ನು ಕೊರೆಯುವ ಹುಳುಗಳು ಹಲವಿವೆ. ಅವುಗಳ ಪೈಕಿ ಗರಿ ಪತಂಗವನ್ನು ಬಲ್ಲವರು ವಿರಳ.

ಶಾಸ್ತ್ರಜ್ಞರು ಎಕ್ಸೆಲ್ಯಾಸ್ಟಿಸ್ ಅಟೊಮೋಸ ಎಂದು ಕರೆಯುವ ಈ ಪತಂಗವು ಸಣ್ಣದು, ಕೃಶವಾದುದು, ಕಂದುಬಣ್ಣದ್ದು. ಮುಂದಿನ ರೆಕ್ಕೆಯು ಎರಡಾಗಿಯೂ ಹಿಂದಿನದು ಮೂರಾಗಿಯೂ ಸೀಳಿದ್ದು, ಅಂಚಿನ ಕುಚ್ಚುಗಳಿಂದ ಹಕ್ಕಿಯ ಗರಿಯಂತೆ ತೋರುವುದು. ಕುಳಿತಾಗ ರೆಕ್ಕೆಗಳನ್ನು ಮಡಿಸಿ ಮೈಗೆ ಅಡ್ಡಲಾಗಿ ಚಾಚುವುದರಿಂದ ಒಣಗಿದ ಕಡ್ಡಿಯೆಂಬ ಭ್ರಾಂತಿಯುಂಟಾಗುವುದು.

ಹೊಲದಲ್ಲಿ ಹುಳುವನ್ನು ಗುರುತಿಸುವುದು ಇನ್ನೂ ಸುಲಭ. ಪೂರ್ಣ ಬೆಳೆದ ಕಾಯಿಕೊರಕವು ಸುಮಾರು ಒಂದೂವರೆ ಅಂಗುಲವಿದ್ದು, ಪಕ್ಕಗಳಲ್ಲಿ ಪಟ್ಟೆಗಳನ್ನು ಹೊಂದಿರುವುದು. ಗರಿ ಪತಂಗದ ಹುಳುವಾದರೋ ಅರ್ಧ ಅಂಗುಲದಷ್ಟೇ. ಹಸುರು ಮಿಶ್ರಿತ ಕಂದುಬಣ್ಣ, ಕದಿರಿನ ಆಕಾರ, ಮೈತುಂಬ ಗಿಡ್ಡ ರೋಮಗಳೂ ಮುಳ್ಳುಗಳೂ ಇರುವುವು. ಇದು ಮೊದಲು ಕಾಯಿಯ ಮೇಲ್ಮೈಯನ್ನು ಕೆರೆದು, ಅನಂತರ ಕೊರೆದು, ಮೈಯನ್ನು ಹೊರಗಿರಿಸಿಯೇ ಕಾಳನ್ನು ತಿನ್ನುವುದು. ಕಾಯಿಕೊರಕವು ಮಣ್ಣಿಗಿಳಿದು ಕೋಶವಾದರೆ, ಇದು ಕಾಯಿಯ ಮೇಲೆಯೇ ಕೋಶವಾಗುವುದು. ಹೂವು, ಎಲೆಗಳು ನೂಲಿನಿಂದ ಹೆಣೆದುಕೊಂಡಿದ್ದರೆ ಅದು ಬೇರೊಂದು ಹುಳುವಿನ ಲಕ್ಷಣ.

"ಯಾವ ಹುಳುವಾದರೇನು, ಔಷಧವೊಂದೇ" ಎಂದು ಕೆಲವರು ವಾದಿಸಬಹುದು. ಈ ವಾದವು ಸರಿಯಲ್ಲ. ಕಾಯಿಕೊರಕಕ್ಕಾಗಿ ಇಡುವ ಮೋಹಕ ಬಲೆಯು ಆ ಜಾತಿಯ ಗಂಡು ಪತಂಗಗಳನ್ನು ಸೆಳೆಯಲೆಂದೇ ಸಿದ್ಧವಾದುದು. ಬಲೆ ಬರಿದಾಗಿದೆಯೆಂದು ನಿಶ್ಚಿಂತರಾದವರ ಹೊಲದಲ್ಲಿ ಗರಿ ಪತಂಗದ ಹುಳು ಕಾಳು ತಿನ್ನುತ್ತಿರಬಹುದು. ಕಾಯಿಕೊರಕಕ್ಕೆ ರೋಗ ತರುವ ಎನ್.ಪಿ.ವಿ. ನಂಜಾಣು ದ್ರಾವಣವೂ ಅದಕ್ಕೇ ಮೀಸಲು. ಗರಿ ಪತಂಗದ ಮೇಲೆ ಅದನ್ನು ಸಿಂಪಡಿಸಿದರೆ ಹಣವನ್ನು ಮಣ್ಣಿಗೆ ಸುರಿದಂತೆ.

ಈ ಕುಲದ ಜ್ಞಾನವು ಹೊಸದೇನಲ್ಲ. ಕೀಟಶಾಸ್ತ್ರಜ್ಞ ಫ್ಲೆಚರರು ಸಿಂಹಳದ ಗರಿ ಪತಂಗಗಳನ್ನು ಕುರಿತು 1909ರಲ್ಲಿಯೇ ಬರೆದರು. ಶಾಸ್ತ್ರವು ತಿಳಿದದ್ದು ಹೊಲದ ಬದುವನ್ನು ತಲಪಲಿಲ್ಲವೆಂಬುದೇ ಕೊರತೆ. ಅದನ್ನು ನೀಗಿಸಲು ಗ್ರಾಮದ ಮುಖಂಡರೂ ಭೂಮಾಲೀಕರೂ ಸಮರ್ಥರು.

ಹೂವು ಕಾಯಿಗಟ್ಟುವ ಕಾಲದಲ್ಲಿ ತೂತಾದ ಕೆಲವು ಕಾಯಿಗಳನ್ನು ಹುಳುಸಹಿತ ಗಾಜಿನ ಭರಣಿಯಲ್ಲಿರಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಪತಂಗವು ಹೊರಬರುವವರೆಗೆ ಕಾಯಬೇಕು. ಅದನ್ನು ಬೆರಳಿನಿಂದ ಹಿಸುಕದೆ, ಒಣ ಕಾಗದದ ಪೆಟ್ಟಿಗೆಯಲ್ಲಿ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಬೇಕು. ಹತ್ತಿರದ ಸಂಬಂಧವುಳ್ಳ ಜಾತಿಗಳು ಕಣ್ಣಿಗೆ ಒಂದೇ ತೆರನಾಗಿ ಕಾಣುವುದರಿಂದ ಕೊನೆಯ ನಿರ್ಣಯವು ತಜ್ಞರದು. ಆದರೆ ಇದು ಕಾಯಿಕೊರಕವಲ್ಲವೆಂದು ಅರಿಯುವಷ್ಟು ನಮ್ಮ ಕಣ್ಣೇ ಸಾಕು. ಶತ್ರುವಿನ ಗುರುತು ಮೊದಲು, ಆಯುಧವು ಆಮೇಲೆ.